ಬಾಜೂ ಮನೆಯ ಡ್ರಿಲ್ ಬಿಟ್

“ಅವರ ಬಿಟ್ ನಮ್ಮ ಮಷಿನ್ನಿಗಿ ಹತ್ತಂಗಿಲ್ಲ. ಕಂಪನೀನ ಬ್ಯಾರೆ!” ಎಂದು ನನ್ನ ಕಾಕಾ ಪಕ್ಕದ ಮನೆಯವರು ಕೊಟ್ಟ ಡ್ರಿಲ್ ಬಿಟ್ಟನ್ನು ನನ್ನ ಕೈಯಿಂದ ಕಸಿದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅಕ್ಕಲಕೋಟೆಯ ಕಾಕಾನ ಮನೆಯಲ್ಲಿ ಕಪಾಟು ಕೂರಿಸಲು ಗೋಡೆಗೆ ತೂತು ಕೊರೆಯುವಾಗ ನಮ್ಮ ಬಿಟ್ ಮುರಿದಿತ್ತು. ಹಿಂದಿನ ವಾರವಷ್ಟೇ ಅದೇ ಪಕ್ಕದ ಮನೆಯವರು ಕಾಕಾನ ಮಗಳು ಸವಿತಾಳನ್ನು ತಮ್ಮ ಮಗನಿಗೆ ಕೇಳಿಕೊಂಡು ಬಂದಾಗಲೂ, ಒಳಪಂಗಡ ಬೇರೆ ಎಂದು ಕಾಕಾ ಇಷ್ಟೇ ಖಚಿತವಾಗಿ ಹೇಳಿ ಕಳಿಸಿದ್ದರು.

‘ನಮ್ಮ ಕಂಪನಿ’ಯ ಬಿಟ್ ತರಲು ನಾನು ಬಸ್ ಹತ್ತಿ ಸೊಲ್ಲಾಪುರಕ್ಕೆ ಹೋದೆ. ನವಿ ಪೇಠದ ಅಂಗಡಿಯವನು ನಕ್ಕ. “ಬಿಟ್ಟಿನ ಹಿಂದಿನ ತುದಿ ಮಷಿನ್ ಬಾಯಾಗ ಗಟ್ಟಿ ಕುಂತ್ರ ಮುಗೀತ್ರಿ. ಕಂಪನಿ ಹೆಸರು ತಗೊಂಡು ಏನ್ ಮಾಡ್ತೀರಿ?”

ಹಾಗಾದರೆ ಮನೆಯಲ್ಲಿರುವುದೇ ಸಾಕೆಂದು ಬರಿಗೈಯಲ್ಲಿ ಮರಳಿದೆ. ಕಾಕಾ ಚಹಾಕ್ಕೆಂದು ಒಳಹೋದಾಗ ಕಿಟಕಿಯ ಮೇಲಿದ್ದ ಬಿಟ್ಟನ್ನೇ ಹಾಕಿ ನಾಲ್ಕು ತೂತು ಕೊರೆದು ಕಪಾಟು ಕೂರಿಸಿದೆ. ನಾನು ಹೊಸದು ತಂದೆನೆಂದೇ ನಂಬಿದ ಕಾಕಾ ಕಪಾಟನ್ನು ಜಗ್ಗಿ ನೋಡಿ, ನಮ್ಮ ಕಂಪನಿಯ ಮಾಲೆಂದರೆ ಹೀಗಿರಬೇಕು ಎಂದು ಬೀಗಿದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಸವಿತಾ ಮೆಲ್ಲಗೆ ಕೇಳಿದಳು: “ಅಪ್ಪಾ, ಅದು ಬಾಜೂ ಮನೀ ಬಿಟ್. ಈಗ ಕಪಾಟ ಇಳಸೂದೇನು?”

ತಿಂಗಳಾಯಿತು. ಕಪಾಟು ಗೋಡೆಯ ಮೇಲೆ ಗಟ್ಟಿಯಾಗಿಯೇ ಇದೆ. ಬಿಟ್ ವಾಪಸು ಕೊಡಲು ಪಕ್ಕದ ಮನೆಯ ಮೆಟ್ಟಿಲು ಹತ್ತುವ ಧೈರ್ಯ ಮಾತ್ರ ಕಾಕಾಗೆ ಇನ್ನೂ ಬಂದಿಲ್ಲ.