ಜನರಲ್ ಹಂಚಿದ ಜೋಳ

ಎರ್ಮೆಲಿಂದಾ ಕಾಗದದ ಜುದಾಸ್ ಗೊಂಬೆಗಳನ್ನು ಮಾಡಿ ಬದುಕಿದವಳು. ಈಸ್ಟರಿನ ಹಿಂದಿನ ಶನಿವಾರ ಸಾನ್ ಗಬೀನೊದ ಚೌಕದಲ್ಲಿ ಯೇಸುವನ್ನು ಹಿಡಿದುಕೊಟ್ಟ ಆ ದ್ರೋಹಿಯನ್ನು ಹಗ್ಗಕ್ಕೆ ತೂಗುಹಾಕಿ, ಮೈತುಂಬ ಪಟಾಕಿ ಸುತ್ತಿ ಸುಡುತ್ತಾರೆ. ಹೊಟ್ಟೆ ಒಡೆದು ಉದುರುವ ಮಿಠಾಯಿಗೆ ಊರೆಲ್ಲ ಮುಗಿಬೀಳುತ್ತದೆ. ಜುದಾಸನಿಗೆ ಯಾರ ಮುಖ ಇಡಬೇಕೆಂಬುದು ಗೊಂಬೆ ಮಾಡುವವರ ಹಕ್ಕು. ಐವತ್ತೆಂಟು ವರ್ಷ ಅವಳ ಮನೆಯ ಜುದಾಸನಿಗೆ ಒಂದೇ ಮುಖ: ಜನರಲ್ ಪ್ರುದೆನ್ಸಿಯೊ ಓಲ್ಗಿನ್‌ನದು. ಆ ಮುಖದ ಮಣ್ಣಿನ ಅಚ್ಚು ಮಾಡಿದವಳು ಅವಳ ತಾಯಿ, ವಿಧವೆಯಾದ ವರ್ಷ. ಮುಂದೆ ಎರ್ಮೆಲಿಂದಾಳ ಗಂಡ ಗಣಿಯಲ್ಲಿ ಸತ್ತ. ಮಗಳು ಎದುರು ಬೀದಿಯಲ್ಲಿ ರೊಟ್ಟಿ ಅಂಗಡಿ ಇಟ್ಟಳು. ಅಚ್ಚು ಮಂಚದ ಕೆಳಗೇ ಇತ್ತು.

ಅವಳಿಗೆ ಅರವತ್ತಾರಾದ ವರ್ಷ ಪುರಸಭೆಯ ಅಧ್ಯಕ್ಷ ಎಲಾದಿಯೊ ರಾಜಧಾನಿಯ ಪ್ರೊಫೆಸರೊಬ್ಬನನ್ನು ಮನೆಗೆ ಕರೆತಂದ. ಪ್ರೊಫೆಸರು ಜನರಲ್‌ನ ಗುಣವನ್ನು ಹೊಸದಾಗಿ ತೂಗಿ ನೋಡುವ ಪುಸ್ತಕ ಬರೆಯುತ್ತಿದ್ದ. ಚೌಕದಲ್ಲಿ ಕಂಚಿನ ಪ್ರತಿಮೆಯೂ ನಿಲ್ಲುವುದಿತ್ತು.

“ಈ ಸಲ ಓಲ್ಗಿನ್ ಮುಖ ಬೇಡ ದೊನ್ಯಾ ಎರ್ಮೆಲಿಂದಾ. ಗವರ್ನರ್ ಬರ್ತಾರೆ,” ಎಂದ ಎಲಾದಿಯೊ.

“ನಿನ್ನ ಮುಖ ಇಡ್ಲಾ? ಮೀಸೆ ಒಂದು ಕಮ್ಮಿ ಬೀಳುತ್ತೆ, ಅಷ್ಟೆ.”

ಪ್ರೊಫೆಸರು ಹಳೆಯ ಫೋಟೊ ತೆಗೆದ. ಮೂಟೆಗಳ ಪಕ್ಕ ಜನರಲ್. ಮುಂದೆ ಶಾಲು ಒಡ್ಡಿ ನಿಂತ ಹೆಂಗಸರು.

“ಬರಗಾಲದಲ್ಲಿ ಇಲ್ಲಿ ನಲವತ್ತು ಮೂಟೆ ಜೋಳ ಹಂಚಿದಾರೆ ಅಮ್ಮಾ. ಕ್ರೂರಿ ಅಂತ ಬರ್ದವರೆಲ್ಲ ಅವರ ಶತ್ರುಗಳು.”

“ಹಂಚಿದ್ದು ನಿಜ. ನಾನೂ ಇಸ್ಕೊಂಡೆ, ಏಳು ವರ್ಷ ನಂಗೆ. ಯಾವ ಕಣಜದ್ದು ಅಂತ ಬರ್ದಿದೀರಾ?”

“ಅದಕ್ಕೆ ದಾಖಲೆ ಇಲ್ಲ.”

“ಹೆಂಗಿರುತ್ತೆ? ಹಿಂದಿನ ದಿನ ನಮ್ಮೂರ ಕಣಜಾನೇ ಬಳ್ಕೊಂಡ್ರು. ಬಿತ್ತನೆಗಾದ್ರೂ ಬಿಡಿ ಅಂದಿದ್ದಕ್ಕೆ ನಮ್ಮಪ್ಪನ್ನ ಚರ್ಚ್ ಗೋಡೆಗೆ ನಿಲ್ಸಿದ್ರು. ಮಾರನೇ ದಿನ ವಾದ್ಯ ಬಾರಿಸ್ಕೊಂಡು ಅದ್ರಲ್ಲೇ ನಲವತ್ತು ಮೂಟೆ ವಾಪಸ್ ಹಂಚಿದ್ರು. ಫೋಟೊದವನನ್ನೂ ಅವರೇ ಕರ್ಕೊಂಡು ಬಂದಿದ್ರು.”

“ನಿಮ್ಮ ತಂದೇನ ನಿಲ್ಸಿದಾಗ ಜನರಲ್ ಕಣ್ಣೀರು ಹಾಕಿದ್ರು ಅಂತ ಅವರ ಸಹಾಯಕ ಬರ್ದಿದಾನೆ.”

“ಅತ್ತ. ನಾನೇ ನೋಡಿದೀನಿ. ಮೂಗೊರೆಸ್ಕೊಂಡು ‘ಗುಂಡು ಹೊಡೀರಿ’ ಅಂದ. ಬರ್ಕೊಳ್ಳಿ.”

ಪ್ರೊಫೆಸರು ಬರೆದುಕೊಂಡ. ‘ಅತ್ತ’ ಎಂಬಲ್ಲಿಗೆ ಅವನ ಪೆನ್ನು ನಿಂತದ್ದನ್ನು ಅವಳು ಗಮನಿಸಿದಳು.

ಹೊಸ್ತಿಲು ದಾಟುತ್ತ ಎಲಾದಿಯೊ ತಗ್ಗಿದ ದನಿಯಲ್ಲಿ ಹೇಳಿದ: “ಆ ಮುಖ ಕಂಡ್ರೆ ನಿಮ್ಮ ಪಟಾಕಿ ಪರವಾನಗಿ ರದ್ದು ಮಾಡ್ತೀನಿ. ಆಮೇಲೆ ನನ್ನ ಬೈಬೇಡಿ.”

ಪರವಾನಗಿ ಹೋದರೆ ಕಸುಬು ಹೋದಂತೆ. ಅವಳು ಮಾತು ಮೀರಲಿಲ್ಲ. ಶನಿವಾರ ಚೌಕದಲ್ಲಿ ತೂಗಿದ್ದು ಕಣ್ಣು, ಮೂಗು, ಮೀಸೆ ಯಾವುದೂ ಇಲ್ಲದ ಬಿಳಿ ಜುದಾಸ್.

“ಮುದುಕಿ ಹೆದ್ರಿಬಿಟ್ಳು,” ಎಂದು ಯಾರೋ ಗೊಣಗಿದರು. ಹೊಸ ಪ್ರತಿಮೆಯ ನೆರಳಲ್ಲಿ, ಗವರ್ನರ್ ಪಕ್ಕ ಕೂತ ಎಲಾದಿಯೊ ನಿರಾಳವಾಗಿ ಕಾಲು ಚಾಚಿದ.

ಬತ್ತಿಗೆ ಬೆಂಕಿ ತಾಗಿತು. ಜುದಾಸ್ ಗಿರಗಿರನೆ ತಿರುಗಿ ಹೊಟ್ಟೆ ಒಡೆದುಕೊಂಡ. ಜನ ನುಗ್ಗಿ ಬಂದವರು ಹಾಗೇ ನಿಂತರು. ಬಿದ್ದದ್ದು ಮಿಠಾಯಿಯಲ್ಲ, ಜೋಳ. ಕಂಚಿನ ಬೂಟುಗಳ ಮೇಲೂ ಟಪಟಪನೆ ಸುರಿಯಿತು. ಯಾರೂ ಬಗ್ಗಲಿಲ್ಲ.

ಊರಿನ ಹಿರಿಯ ಕ್ರಿಸೊಫೊರೊ ಊರುಗೋಲಿನಿಂದ ಒಂದು ಕಾಳನ್ನು ಸರಿಸಿ ನೋಡಿದ. “ಬಿತ್ತನೆ ಜೋಳ,” ಎಂದ. ಸುತ್ತಲಿನವರು ಟೋಪಿ ತೆಗೆದರು, ಪ್ರತಿಮೆಗೆ ಬೆನ್ನು ಹಾಕಿ, ಚರ್ಚಿನ ಗೋಡೆಯ ಕಡೆಗೆ.

ಎಲಾದಿಯೊ ದಿಕ್ಕುಗೆಟ್ಟು ಕೈಬೀಸಿ ವಾದ್ಯ ಶುರುಮಾಡಿಸಿದ. ಅದೂ ಅಂದಿನ ಹಾಗೆಯೇ ಇತ್ತು.

ಪರವಾನಗಿ ಆ ತಿಂಗಳೇ ಹೋಯಿತು. ಎರ್ಮೆಲಿಂದಾ ಅಚ್ಚನ್ನು ಮಗಳ ಅಂಗಡಿಗೆ ಒಯ್ದು ಒಲೆಯ ಮೇಲಿನ ಗೂಡಿನಲ್ಲಿಟ್ಟಳು. ರೊಟ್ಟಿಗೆ ಬರುವವರೆಲ್ಲ ಅದನ್ನು ನೋಡಿಯೇ ಹೋಗಬೇಕು.