ಪಟ್ಟಾಭಿಯ ಎರಡು ವಾರ

ಮನೋವೈದ್ಯ ಪಟ್ಟಾಭಿರಾಮ ಹೋದ ಗುರುವಾರ ಪೀಣ್ಯದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಐವತ್ತೆರಡು ವರ್ಷ.

ಮೆಡಿಕಲ್ ಕಾಲೇಜಿನ ಸಂತಾಪ ಸಭೆಯಲ್ಲಿ ಅವನನ್ನು ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಮೇಷ್ಟ್ರು ಎಂದರು. ಸುಳ್ಳಲ್ಲ. ಇಡೀ ಓದಿನಲ್ಲಿ ಅವನ ವಿಷಯಕ್ಕೆ ಸಿಗುತ್ತಿದ್ದುದು ಎರಡು ವಾರ, ಪರೀಕ್ಷೆಯಿಲ್ಲ. ಆ ಎರಡು ವಾರದಲ್ಲಿ ಮಕ್ಕಳು ಸರ್ಜರಿ ಓದಿಕೊಳ್ಳುತ್ತಿದ್ದರು, ಬಂಧುಗಳ ಮದುವೆ ಮುಗಿಸಿಕೊಳ್ಳುತ್ತಿದ್ದರು. ಇಂಥ ಮೇಷ್ಟ್ರನ್ನು ಯಾರು ಮೆಚ್ಚುವುದಿಲ್ಲ?

"ರಿಟೈರ್ ಆಗೋದ್ರೊಳಗೆ ಒಬ್ರು ನನ್ನ ವಿಷಯ ಹಿಡಿದ್ರೆ ಸಾಕು ಕಣೋ," ಎಂದು ನನಗೆ ಹೇಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಬ್ಬರೂ ಹಿಡಿಯಲಿಲ್ಲ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿ. ಕಲ್ಯಾಣವೊಂದನ್ನು ಬಿಟ್ಟು ಉಳಿದೆಲ್ಲ ಕಡತಗಳೂ ನನ್ನ ಮೇಜಿನ ಮೇಲಿರುತ್ತವೆ. ನಮ್ಮ ಡಿಸ್ಪೆನ್ಸರಿಗೆ ಅವನು ಪ್ರತಿ ಗುರುವಾರ ವಿದ್ಯಾರ್ಥಿಗಳನ್ನು ಕರೆತರುತ್ತಿದ್ದ. ಅವನು ತೀರಿಕೊಂಡ ಆ ಗುರುವಾರ ಬಂದವಳು ಊರ್ಮಿಳಾ ಒಬ್ಬಳೇ. ಉಳಿದ ಇಬ್ಬರಿಗೆ ಜ್ವರವಂತೆ, ಒಟ್ಟಿಗೆ.

ಪ್ರೆಸ್ ಶಾಪಿನ ಬೈರಪ್ಪನಿಗೆ ತಿಂಗಳಿಂದ ನಿದ್ದೆಯಿರಲಿಲ್ಲ. ಊರ್ಮಿಳಾ ಪುಸ್ತಕದ ಪ್ರಶ್ನೆಪಟ್ಟಿ ನೋಡಿಕೊಂಡು ಕೇಳಿದಳು: "ಸುತ್ತ ಏನೂ ಇಲ್ದೇ ಇದ್ರೂ ಸದ್ದು ಕೇಳುತ್ತಾ?"

"ಕೇಳ್ತದೆ ಮೇಡಂ. ದಬ್ ದಬ್ ಅಂತ. ಊಟಕ್ಕೆ ಕುಂತ್ರೂ."

ಭ್ರಮೆ ಎಂದು ಬರೆದುಕೊಂಡು ಮಾತ್ರೆಯ ಹೆಸರನ್ನೂ ಬರೆದುಬಿಟ್ಟಳು.

ಪಟ್ಟಾಭಿ ಬಯ್ಯಲಿಲ್ಲ. ಅವಳನ್ನು ಪ್ರೆಸ್ ಶಾಪಿಗೆ ಕರೆದೊಯ್ದು, ತಗಡು ಕುಟ್ಟುವ ಯಂತ್ರಗಳ ನಡುವೆ ಅರ್ಧ ಗಂಟೆ ನಿಲ್ಲಿಸಿದ. ಹೊರಗೆ ಬಂದ ಮೇಲೆ ಕೇಳಿದ: "ಈಗ ಏನಾದ್ರೂ ಕೇಳ್ತಿದೆಯೇನಮ್ಮ?"

"ದಬ್ ದಬ್ ಅಂತಿದೆ ಸಾರ್."

"ಹಾಗಾದ್ರೆ ನಿಂಗೂ ಅದೇ ಮಾತ್ರೆ ಬರ್ಕೊ."

ಅವಳು ನಗಲಿಲ್ಲ. ಚೀಟಿ ಹರಿದು ಡಿಸ್ಪೆನ್ಸರಿಯೊಳಗೆ ಹೋಗಿ ಬೈರಪ್ಪನ ಪಕ್ಕ ಕುಳಿತಳು. ಆ ಸದ್ದು ಯಾವತ್ತಿನಿಂದ ಎಂದಳು. ಅವನು ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರತ್ತ ಒಮ್ಮೆ ನೋಡಿದ.

"ನನ್ ಜೊತೆ ಮಿಷನ್ನಲ್ಲಿದ್ದ ಸೀನನ ಬೆರಳು ಹೋಯ್ತಲ್ಲ ಮೇಡಂ, ಅವತ್ತಿಂದ. ಪ್ರೆಸ್ಸಿನ ಪೆಡಲ್ ತುಳಿದೋನು ನಾನೇ."

ಆ ಅಪಘಾತದ ವರದಿ ಬರೆದವನು ನಾನು. 'ಗಾಯಾಳುವಿನ ಅಜಾಗರೂಕತೆ' ಎಂದು ಷರಾ ಹಾಕಿ ಕಡತ ಮುಚ್ಚಿದ್ದೆ. ಬೈರಪ್ಪನನ್ನು ಏನೂ ಕೇಳಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಪಟ್ಟಾಭಿ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದ. ಸ್ವಲ್ಪ ಹೊತ್ತಿಗೆ ಊರ್ಮಿಳಾ ಬಾಗಿಲು ಅರೆ ತೆರೆದಳು.

"ಸಾರ್, ಇನ್ನೂ ಹೊತ್ತಾಗುತ್ತೆ. ಮುಂದಿನ ಗುರುವಾರಾನೂ ಬರ್ಲಾ? ನನ್ನ ಎರಡು ವಾರ ಇವತ್ತಿಗೆ ಮುಗೀತು."

"ಬಾಮ್ಮ," ಎಂದ.

ಕಾಲೇಜಿನ ವ್ಯಾನಿನ ಡ್ರೈವರ್ ಬಂದು, ತಡವಾಯಿತು, ಹೊರಡೋಣ ಎಂದ. "ನೀನು ಹೋಗಪ್ಪ. ಡಾಕ್ಟ್ರು ಒಳಗೆ ರೋಗಿ ನೋಡ್ತಿದಾರೆ," ಎಂದು ಪಟ್ಟಾಭಿ ಅವನನ್ನು ಕಳುಹಿಸಿ, ಯಾರೂ ಒಳಗೆ ನುಗ್ಗದಂತೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಎಳೆದುಕೊಂಡು ಕುಳಿತ.