ಪಡವ ದೊಡ್ಡಯ್ಯನ ಒಡೆದ ದೋಣಿ

ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಗುಲಿಲ್ಲ. ಕೆಳಗೆ ಕೃಷ್ಣೆಯ ಸ್ನಾನದ ಘಾಟಿನಲ್ಲಿ ದೊಡ್ಡಯ್ಯ ತಮ್ಮ ಹಳೆಯ ಜೀಪನ್ನು ಹಿಮ್ಮುಖವಾಗಿ ಇಳಿಜಾರಿಗೆ ತರುತ್ತಿದ್ದಾರೆ. ಜೀಪಿನ ಹಿಂದೆ ಎರಡು ಗಾಲಿಯ ಟ್ರೇಲರ್, ಅದರ ಮೇಲೆ ನೀಲಿ ಬಣ್ಣದ ಫೈಬರ್ ದೋಣಿ. ಟ್ರೇಲರಿನ ಗಾಲಿಗಳು ಅರ್ಧ ನೀರಿಗಿಳಿದ ಮೇಲೆ ಜೀಪು ನಿಲ್ಲಿಸಿ, ಅದರ ಗಾಲಿಗೆ ಕಲ್ಲು ಕೊಟ್ಟು, ಹಗ್ಗ ಸಡಿಲಿಸಿ, ದೋಣಿಯ ಮೂತಿಯನ್ನು ಎರಡೂ ಕೈಯಿಂದ ದೂಡುತ್ತಾರೆ. ದೋಣಿ ನೀರಿಗೆ ಜಾರುತ್ತದೆ. ದೊಡ್ಡಯ್ಯ ಅದರ ಎಡಮಗ್ಗುಲಿಗೆ ಅಂಗೈ ಆನಿಸಿ ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಅಲ್ಲಿನ ನೀಲಿ ಉಳಿದ ಕಡೆಗಿಂತ ಹೊಸದು.

"ನೀರು ಒಳಗ ಬರ್ತೈತೇನೋ ಅನ್ನೋ ಅಂಜಿಕಿ ಇನ್ನಾ ಹೋಗಿಲ್ರಿ," ಎನ್ನುತ್ತಾರೆ.

ವಿಜಯವಾಡದ ಪೊಲೀಸರು, ಘಾಟಿನ ಹೂವಿನವರು, ಕಾಲುವೆ ದಂಡೆಯ ಚಹಾದಂಗಡಿಯವರು ಇವರನ್ನು 'ಪಡವ ದೊಡ್ಡಯ್ಯ' ಎಂದು ಕರೆಯುತ್ತಾರೆ. ತೆಲುಗಿನಲ್ಲಿ ಪಡವ ಎಂದರೆ ದೋಣಿ. ನದಿಗೋ ನಗರದ ಮೂರು ಕಾಲುವೆಗಳಲ್ಲಿ ಒಂದಕ್ಕೋ ಯಾರಾದರೂ ಬಿದ್ದರೆ ಮೊದಲ ಫೋನು ಹೋಗುವುದು ಇವರಿಗೆ. ಜೀಪಿಗೆ ಟ್ರೇಲರ್ ಸಿಕ್ಕಿಸಿಕೊಂಡು ದೊಡ್ಡಯ್ಯ ಹೊರಡುತ್ತಾರೆ. ಬದುಕಿದ್ದವರನ್ನು ಎತ್ತುತ್ತಾರೆ, ಸತ್ತವರನ್ನೂ ಎತ್ತುತ್ತಾರೆ. ಇದಕ್ಕೆ ಸಂಬಳವಿಲ್ಲ, ಹುದ್ದೆಯಿಲ್ಲ. ಹೊಟ್ಟೆಪಾಡಿಗೆ ಕಾಲುವೆಯಲ್ಲಿ ಬೆಳೆಯುವ ಜಲಕಳೆ ತೆಗೆಯುವ ಗುತ್ತಿಗೆ ಕೂಲಿ. ಅದಕ್ಕೂ ಇದೇ ದೋಣಿ.

ಊರು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆ. ತಂದೆ ಹರಿಗೋಲು ಹಾಕಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದವರು. ಸೇತುವೆ ಆದ ಮೇಲೆ ಹರಿಗೋಲನ್ನು ಕೇಳುವವರಿಲ್ಲದಾಯಿತು. ಸೇತುವೆ ಕಟ್ಟಿದ ಕೂಲಿಗಳ ಗುಂಪಿನ ಜೊತೆಗೇ ದೊಡ್ಡಯ್ಯ ವಿಜಯವಾಡಕ್ಕೆ ಬಂದರು, ಹೆಂಡತಿ ಗಿರಿಜಮ್ಮನನ್ನೂ ಕರೆತಂದರು. "ಅದ ಹೊಳಿ ಅಲ್ರೀ ಇದು. ನಾ ಏನ್ ದೂರ ಬಂದಿಲ್ಲ," ಎಂದು ನಗುತ್ತಾರೆ.

ದೋಣಿ ಹುಟ್ಟಿದ್ದು ವಿಶಾಖಪಟ್ಟಣದಲ್ಲಿ. ಅಲ್ಲಿನ ಮೀನುಗಾರಿಕೆ ಬಂದರಿನಲ್ಲಿ ಫೈಬರ್ ದೋಣಿಗಳನ್ನು ರಿಪೇರಿ ಮಾಡುವ ಭರತೇಶ ಕರಾವಳಿಯ ಮಲ್ಪೆ ಕಡೆಯವರು. ಸಮುದ್ರಕ್ಕೆ ಇನ್ನು ಆಗದೆಂದು ಮೂಲೆಗೆ ತಳ್ಳಿದ್ದ ದೋಣಿಯೊಂದನ್ನು ಅವರು ಸರಿಪಡಿಸಿ, ಟ್ರೇಲರಿನ ಮೇಲೇರಿಸಿ ದೊಡ್ಡಯ್ಯನಿಗೆ ಕೊಟ್ಟರು. ಬುಡಮೇರು ಹಳ್ಳ ಉಕ್ಕಿ ಊರಿನ ಅರ್ಧ ಭಾಗ ನೀರಿನಲ್ಲಿ ನಿಂತಾಗ ಬಾಣಂತಿಯರು, ಮುದುಕರು, ಒಂದು ಆಡು, ಒಂದು ಹೊಲಿಗೆ ಯಂತ್ರ, ಎಲ್ಲವೂ ಈ ದೋಣಿಯಲ್ಲಿ ದಡ ಕಂಡವು.

ಕಳೆದ ಬೇಸಿಗೆಯಲ್ಲಿ ಆ ದೋಣಿಗೆ ಆದದ್ದನ್ನು ಕೇಳಲೆಂದೇ ನಾನು ಬಂದಿದ್ದೇನೆ.

ದೊಡ್ಡಯ್ಯನ ಮನೆ ಪಟಮಟ ಬಡಾವಣೆಯ ಒಂದು ಒಳಬೀದಿಯಲ್ಲಿ. ಒಂದೇ ಕೋಣೆ. ದೋಣಿ, ಟ್ರೇಲರ್ ನಿಲ್ಲುವುದು ಮನೆಯೆದುರು, ಖಾಲಿ ಸೈಟಿನ ಗೋಡೆಗೆ ಒತ್ತಿಕೊಂಡು. ಬೇಸಿಗೆ ಬಂತೆಂದರೆ ದೊಡ್ಡಯ್ಯ ಮಲಗುವುದು ದೋಣಿಯಲ್ಲೇ. ಗಿರಿಜಮ್ಮ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ದಪ್ಪನೆಯ ಕೌದಿಯೊಂದು ಅದರಲ್ಲಿ ಸದಾ ಇರುತ್ತದೆ. ನೀರಿನಿಂದ ಎತ್ತಿದವರಿಗೆ ಹೊದಿಸಲೂ ಅದೇ, ಹೊದ್ದು ಮಲಗಲೂ ಅದೇ.

ಆ ದಿನ ದೊಡ್ಡಯ್ಯ ಊರಲ್ಲಿರಲಿಲ್ಲ. ದೋಣಿಯ ಎಂಜಿನ್ ಕೆಟ್ಟಿತ್ತು. ಅದನ್ನು ಬಿಚ್ಚಿಕೊಂಡು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಹೋಗಿದ್ದರು. ಹಿಂದಿನ ಸಂಜೆಯೇ ಮರಳಬೇಕಿತ್ತು. ಬೇಕಾದ ಬಿಡಿಭಾಗ ಬರಲಿಲ್ಲವೆಂದು ಭರತೇಶ ಉಳಿಸಿಕೊಂಡಿದ್ದರು. ಹೋಗುವ ಮುನ್ನ ದೊಡ್ಡಯ್ಯ ಹಗ್ಗದ ಸುರುಳಿಯನ್ನೂ ಲೈಫ್ ಜಾಕೆಟ್‌ಗಳನ್ನೂ ದೋಣಿಯೊಳಗೆ ಉದ್ದಕ್ಕೆ ಜೋಡಿಸಿ, ಧೂಳು ಕೂರದಿರಲೆಂದು ಮೇಲೆ ಕೌದಿ ಹೊದಿಸಿದ್ದರು.

ಬೆಳಗಿನ ಹಾಲಿನವರು ಬರುವ ಹೊತ್ತಿಗೆ ಬೀದಿಯಲ್ಲಿ ದೊಡ್ಡ ಸದ್ದಾಯಿತು.

"ಗ್ವಾಡಿ ಬಿತ್ತು ಅನ್ಕೊಂಡೆ," ಎನ್ನುತ್ತಾರೆ ಗಿರಿಜಮ್ಮ. "ಹೊರಗ ಓಡಿ ಬಂದು ನೋಡ್ತೀನಿ, ಟ್ರೇಲರ್ ಗ್ವಾಡಿ ಒಳಗ ಹೊಕ್ಕೈತಿ. ದೋಣಿ ಎರಡು ತುಂಡ ಆದಂಗ ಬಾಯಿ ಬಿಟ್ಟೈತಿ. ನಡುವ ಕೌದಿ. ಇವರು ವೈಜಾಗಿಗೆ ಹೋಗ್ಯಾರ ಅನ್ನೋದ ಮರ್ತೋತ್ರಿ ನನಗ. ದಿನಾ ಅದರಾಗ ಮಲಗೋರಲ್ರೀ."

ಬಳಿಗೆ ಹೋದರು. ಕೌದಿಗೆ ಕೈ ಚಾಚಿದರು. ಕೈ ಮುಂದೆ ಹೋಗಲಿಲ್ಲ. ಅಲ್ಲೇ ಕುಸಿದು ಕೂತು ಕೂಗಿಕೊಂಡರು.

ಓಡಿ ಬಂದವರು ಸುಮಿತ್ರಾ. ದಾವಣಗೆರೆಯವರು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದು ಅದೇ ಬೀದಿಯಲ್ಲಿದ್ದಾರೆ. "ಗಿರಿಜಮ್ಮ ನೆಲಕ್ಕೆ ಕೂತಿದ್ರು. ಕೌದಿ ಕಡೆ ಬೆರಳು ತೋರಿಸ್ತಿದ್ರು. ಕಣ್ಣು ಮುಚ್ಕೊಂಡು ಎತ್ತಿದೆ. ಕಣ್ಣು ಬಿಟ್ಟರೆ ಹಗ್ಗ. ಅಷ್ಟು ಹೊತ್ತಿಗೆ ನನಗೇ ಅಳು ಬಂದುಬಿಡ್ತು," ಎಂದು ಅವರು ನೆನೆಯುತ್ತಾರೆ.

ಗುದ್ದಿದ ಗಾಡಿ ಬೀದಿಯಲ್ಲಿರಲಿಲ್ಲ. ಒಡೆದ ದೀಪದ ಗಾಜು ಮಾತ್ರ ಬಿದ್ದಿತ್ತು.

ಸುಮಿತ್ರಾ ಫೋನು ಮಾಡಿದಾಗ ದೊಡ್ಡಯ್ಯ ವಿಶಾಖಪಟ್ಟಣದ ಬಂದರುಕಟ್ಟೆಯ ಮೇಲೆ ಭರತೇಶನೊಡನೆ ಚಹಾ ಕುಡಿಯುತ್ತಿದ್ದರು. ದೋಣಿಗೆ ಯಾರೋ ಗುದ್ದಿ ಹೋಗಿದ್ದಾರೆಂದು ಕೇಳಿದ ಕೂಡಲೇ ಅವರ ಬಾಯಿಂದ ಬಂದದ್ದು, "ಒಳಗ ಯಾರರ ಇದ್ರೇನ್ರಿ?"

"ಯಾರೂ ಇರಲಿಲ್ಲ ಅಣ್ಣಾ. ನೀವು ಅಲ್ಲಿದೀರಲ್ಲ, ಅಷ್ಟು ಸಾಕು," ಎಂದರು ಸುಮಿತ್ರಾ.

ಆ ಮಾತಿನ ಅರ್ಥ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ದೊಡ್ಡಯ್ಯ ಬಲೆಗಳ ರಾಶಿಯ ಮೇಲೆ ಕೂತುಬಿಟ್ಟರು. ಭರತೇಶ ಹೇಳುತ್ತಾರೆ: "ಮುಖದಲ್ಲಿ ರಕ್ತವೇ ಇರಲಿಲ್ಲ ಮಾರಾಯ್ರೆ. ಮನೆಯಲ್ಲಿ ಯಾರೋ ತೀರಿಹೋದ್ರು ಅಂತ ಗ್ರಹಿಸಿದೆ ನಾನು. ಆಮೇಲೆ, 'ನಿನ್ನೆ ಹೋಗಿದ್ರ ನಾ ಅದರಾಗ ಇರ್ತಿದ್ದೆ' ಅಂದ್ರು."

ಸಿಕ್ಕಿದ ರೈಲು ಹತ್ತಿ ಸಂಜೆಗೆ ಬಂದಿಳಿದರು. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ದೃಶ್ಯ ಮಸುಕು. ಸರಕು ತುಂಬಿದ ಮಿನಿ ಲಾರಿಯೊಂದು ವೇಗವಾಗಿ ಬಂದು ತಿರುವಿನಲ್ಲಿ ಹತೋಟಿ ತಪ್ಪುತ್ತದೆ, ದೋಣಿಯನ್ನು ಟ್ರೇಲರ್ ಸಮೇತ ಗೋಡೆಗೆ ಅಪ್ಪಳಿಸುತ್ತದೆ. ಚಾಲಕ ಇಳಿಯುತ್ತಾನೆ. ಮೊಬೈಲ್ ಬೆಳಕು ಹಿಡಿದು ದೋಣಿಯ ಬಳಿ ಬಂದು ಬಗ್ಗುತ್ತಾನೆ. ತಟ್ಟನೆ ಹಿಂದೆ ಸರಿಯುತ್ತಾನೆ. ಎರಡೂ ಕೈ ತಲೆಯ ಮೇಲಿಟ್ಟು ನಿಲ್ಲುತ್ತಾನೆ. ಆಮೇಲೆ ಓಡಿಹೋಗಿ ಗಾಡಿ ಹತ್ತುತ್ತಾನೆ.

ಅಂಗಡಿಯಲ್ಲಿ ಸೇರಿದ್ದವರೆಲ್ಲ ಅವನನ್ನು ಬೈದರು. ದೊಡ್ಡಯ್ಯ ಬೈಯಲಿಲ್ಲ. ಮತ್ತೆ ಹಾಕಿ ತೋರಿಸಲು ಹೇಳಿದರು. ನೋಡಿ, "ಅವ ಏನ್ ನೋಡಿದ?" ಎಂದು ಕೇಳಿದರು.

ಪೊಲೀಸರು ದೂರು ಬರೆದುಕೊಂಡರು. ಗಾಡಿಯ ಹುಡುಕಾಟ ನಡೆದಿರುವಾಗಲೇ ನಗರದ ಕಾಲುವೆಗಳಲ್ಲೊಂದಾದ ಬಂದರು ಕಾಲುವೆಯಿಂದ ಫೋನು ಬಂತು. ಸ್ನಾನಕ್ಕಿಳಿದವನೊಬ್ಬ ಕಾಲು ಜಾರಿದ್ದ. ದೊಡ್ಡಯ್ಯನ ಬಳಿ ದೋಣಿ ಇರಲಿಲ್ಲ. ಸೊಂಟಕ್ಕೆ ಎರವಲು ಹಗ್ಗ ಬಿಗಿದು, ಗಾಳಿ ತುಂಬಿದ ಟ್ಯೂಬ್ ಹಿಡಿದು ಧುಮುಕಿದರು. ಸೆಳೆತ ಅವರನ್ನೇ ಎಳೆದೊಯ್ದಿತು. ಕೊನೆಗೆ ಆತ ಸಿಕ್ಕಿದಾಗ ಉಸಿರಿರಲಿಲ್ಲ. ದಂಡೆಯಲ್ಲಿ ಅವನ ತಂಗಿ ನಿಂತಿದ್ದಳು.

"ದೋಣಿ ಇದ್ರ ಉಳೀತಿದ್ನೋ ಏನೋ, ಹೇಳಾಕ ಬರಂಗಿಲ್ರಿ," ಎನ್ನುತ್ತಾರೆ ದೊಡ್ಡಯ್ಯ. "ಆ ಹುಡುಗಿ ನನ್ನ ಮಾರಿ ನೋಡಿದ್ದು ಕಣ್ಣಾಗಿಂದ ಹೋಗವಲ್ದು," ಎಂದು ಸೇರಿಸುತ್ತಾರೆ.

ಮುಖ್ಯರಸ್ತೆಯ ಕ್ಯಾಮೆರಾಗಳ ಜಾಡು ಹಿಡಿದು ಪೊಲೀಸರು ಲಾರಿಯನ್ನು ಪತ್ತೆ ಮಾಡಿದ್ದು ಒನ್ ಟೌನ್‌ನ ಸಗಟು ಮಾರುಕಟ್ಟೆಯ ಓಣಿಯಲ್ಲಿ. ಈರುಳ್ಳಿ ಸಾಗಿಸುವ ಗಾಡಿ. ಚಾಲಕನ ಹೆಸರು ರಮಾಕಾಂತ. ಮಹಜರಿಗೆಂದು ಅವನನ್ನು ಪಟಮಟದ ಬೀದಿಗೆ ಕರೆತಂದರು. ದೋಣಿ ಒಡೆದಲ್ಲೇ ಇತ್ತು. ಮಹಜರು ಮುಗಿಯುವವರೆಗೆ ಏನನ್ನೂ ಅಲುಗಿಸಬಾರದೆಂದು ಪೊಲೀಸರು ಹೇಳಿದ್ದರಿಂದ ಸುಮಿತ್ರಾ ಮರಳಿ ಹೊದಿಸಿದ್ದ ಕೌದಿಯೂ ಅದರೊಳಗೇ ಇತ್ತು. ಬೀದಿಯ ಜನ ಸೇರಿದ್ದರು.

ಗುದ್ದಿದ ಮೇಲೆ ಯಾಕೆ ನಿಲ್ಲಲಿಲ್ಲವೆಂದು ಪೊಲೀಸರು ಕೇಳಿದರು. ರಮಾಕಾಂತ ತಲೆ ಎತ್ತದೆ ತೆಲುಗಿನಲ್ಲಿ ಹೇಳಿದ: "ಒಳಗೆ ಮನುಷ್ಯ ಮಲಗಿದ್ದಾನೆ ಅಂದುಕೊಂಡೆ ಸಾರ್. ಅಲುಗಾಡಲಿಲ್ಲ. ಸತ್ತುಹೋದ ಅಂತ ಹೆದರಿ ಓಡಿದೆ."

ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಎತ್ತಿಕೊಂಡು ಹಾಗೇ ನಿಂತ. ಗಿರಿಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಆ ನಿಮಿಷವನ್ನು ಸುಮಿತ್ರಾ ಮರೆತಿಲ್ಲ. "ಬರೀ ದೋಣಿ ಒಡೆದಿದ್ದಕ್ಕೆ ಹೆದರಿ ಓಡಿಹೋದ ಅಂತ ನಾವೆಲ್ಲ ತಿಳಿದಿದ್ವಿ. ಮನುಷ್ಯ ಸತ್ತ ಅಂತ ತಿಳಿದೇ ಹೋಗಿದಾನೆ."

ದೊಡ್ಡಯ್ಯ ಮುಂದೆ ಬಂದರು. ಹೊಡೆಯುತ್ತಾರೆಂದು ಎಲ್ಲರೂ ತಿಳಿದರು. ಅವರು ರಮಾಕಾಂತನ ಮಣಿಕಟ್ಟು ಹಿಡಿದು ದೋಣಿಯ ಬಳಿಗೆ ಕರೆದೊಯ್ದರು. "ಎತ್ತಿ ನೋಡು," ಎಂದರು ತೆಲುಗಿನಲ್ಲಿ.

ಅವನು ಒಲ್ಲೆನೆಂದು ತಲೆಯಾಡಿಸಿದ. ದೊಡ್ಡಯ್ಯ ಮಣಿಕಟ್ಟು ಬಿಡಲಿಲ್ಲ. ಕೊನೆಗೆ ಅವನು ಕೌದಿಯ ಅಂಚು ಹಿಡಿದು ಎತ್ತಿದ. ಹಗ್ಗದ ಸುರುಳಿ, ಕಿತ್ತಳೆ ಬಣ್ಣದ ಜಾಕೆಟ್‌ಗಳು. ಅವನು ಅವನ್ನೇ ನೋಡುತ್ತಾ ನಿಂತ. ಇಷ್ಟು ದಿನ ತಾನೊಬ್ಬನನ್ನು ಕೊಂದೆನೆಂದು ನಂಬಿಕೊಂಡೇ ಈರುಳ್ಳಿ ಮೂಟೆ ಸಾಗಿಸುತ್ತಿದ್ದವನು ಬೀದಿಯ ಮಣ್ಣಿನಲ್ಲಿ ಕೂತು ಬಿಕ್ಕಿದ.

"ನನಗ ಸಿಟ್ಟು ಬರಬೇಕಿತ್ರಿ, ಬರ್ಲಿಲ್ಲ. ಅಂಜಿಕಿ ಬಂತು," ಎನ್ನುತ್ತಾರೆ ದೊಡ್ಡಯ್ಯ. "ನಾ ಹೆಣ ಎತ್ತೀನಿ, ಎಷ್ಟೋ ಎತ್ತೀನಿ. ಯಾವತ್ತೂ ಹಿಂಗ ಅಂಜಿರ್ಲಿಲ್ಲ. ನೀರಾಗ ಬಿದ್ದಾವ ಸತ್ತಾನ ಅಂತ ದಂಡಿ ಮ್ಯಾಲಿನ ಮಂದಿ ಒದರತಿರ್ತಾರ. ನಾ ಹೋಗಿ ಮೂಗಿಗೆ ಕೈ ಹಿಡಿದು ನೋಡ್ತೀನಿ. ಒಮ್ಮೊಮ್ಮೆ ಉಸಿರು ಇರ್ತೈತಿ. ಇವ ನೋಡಲೇ ಇಲ್ಲಲ್ರೀ."

ಲಾರಿಯ ಮಾಲೀಕ ಮನೆಗೆ ಬಂದು ದೂರು ಹಿಂತೆಗೆಯಲು ಬೇಡಿಕೊಂಡ. ರಮಾಕಾಂತನಿಗೆ ಚಿಕ್ಕ ಮಕ್ಕಳಿದ್ದಾರೆ ಎಂದ. ಗಂಡ ಹೆಂಡತಿಯ ನಡುವೆ ಇದರ ಮೇಲೆ ಮಾತಾಯಿತು. "ಬಿಡ್ರಿ ಅಂದೆ ನಾನು," ಎನ್ನುತ್ತಾರೆ ಗಿರಿಜಮ್ಮ. "ನಾನೂ ಕೌದಿ ಎತ್ತಲಿಲ್ಲ. ಹೆಂಡತಿಯಾಗಿ ನನ್ನ ಕೈಲೇ ಆಗ್ಲಿಲ್ಲ. ಅಂಜಿಕಿ ಅಂದ್ರ ಹಂಗ ಇರ್ತೈತಿ."

"ನೀ ಅಲ್ಲೇ ಕುಂತು ಮಂದೀನ್ನ ಕರದಿ," ಎಂದರಂತೆ ದೊಡ್ಡಯ್ಯ. "ಅವ ಕರೀಲಿಲ್ಲ."

ದೂರು ಹಿಂತೆಗೆಯಲಿಲ್ಲ. ನ್ಯಾಯಾಲಯದಲ್ಲಿ ರಮಾಕಾಂತ ತಪ್ಪೊಪ್ಪಿಕೊಂಡ. ದಂಡವಾಯಿತು, ಲೈಸೆನ್ಸ್ ಕೆಲಕಾಲ ಅಮಾನತಾಯಿತು. ಅಲೆದಾಟದ ನಂತರ ಲಾರಿಯ ವಿಮೆಯಿಂದ ರಿಪೇರಿಯ ಖರ್ಚು ಬಂತು. ಕಾಗದ ಪತ್ರಗಳಿಗೆ ಸುಮಿತ್ರಾ ಜೊತೆಯಾಗಿ ನಿಂತರು. ಗಾಡಿ ಓಡಿಸುವಂತಿಲ್ಲದ ದಿನಗಳಲ್ಲಿ ರಮಾಕಾಂತ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ದೊಡ್ಡಯ್ಯ ಅವನನ್ನು ಆಮೇಲೆ ನೋಡಿಲ್ಲ. ನೋಡಬೇಕೆಂದೂ ಇಲ್ಲ.

ಒಡೆದ ದೋಣಿ ವಿಶಾಖಪಟ್ಟಣಕ್ಕೆ ಹೋಯಿತು. ಭರತೇಶ ಅದನ್ನು ಕಂಡು, ಹೊಸದನ್ನೇ ಮಾಡೋಣವೆಂದರಂತೆ. ದೊಡ್ಡಯ್ಯ ಒಪ್ಪಲಿಲ್ಲ. ಎಡಮಗ್ಗುಲನ್ನು ಪೂರ್ತಿ ಕತ್ತರಿಸಿ ತೆಗೆದು, ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಒಣಗಿಸಿ, ತಿಕ್ಕಿ ಸಮ ಮಾಡಿದರು. ಟ್ರೇಲರಿಗೆ ಹೊಸ ಅಚ್ಚು ಬಂತು. "ಇವರು ದಿನವಿಡೀ ಪಕ್ಕದಲ್ಲೇ ಕೂತಿರ್ತಿದ್ರು, ಆಸ್ಪತ್ರೆಯಲ್ಲಿ ಕೂತ ಹಾಗೆ," ಎಂದು ಭರತೇಶ ನಗುತ್ತಾರೆ.

ಮತ್ತೆ ಕೃಷ್ಣೆಯ ಘಾಟ್. ಈಗ ಬಿಸಿಲು ನೀರಿಗಿಳಿದಿದೆ. ಬೆಟ್ಟದ ಮೇಲಿನ ದುರ್ಗೆಯ ದರ್ಶನಕ್ಕೆ ಬಂದ ಹೆಂಗಸರ ಗುಂಪೊಂದು ಸ್ನಾನಕ್ಕಿಳಿದಿದೆ. ಅವರಲ್ಲಿ ಮೂವರು ಎಚ್ಚರಿಕೆಗೆ ಕಟ್ಟಿದ ಸರಪಳಿ ದಾಟಿ ಆಳದ ಕಡೆಗೆ ಹೆಜ್ಜೆ ಹಾಕುತ್ತಿದ್ದಾರೆ. ದೊಡ್ಡಯ್ಯ ದೋಣಿಯನ್ನು ಅವರೆದುರಿಗೆ ಅಡ್ಡ ತಂದು ನಿಲ್ಲಿಸುತ್ತಾರೆ. "ಅಮ್ಮಾ, ಹಿಂದಕ್ಕೆ ಹೋಗಿ, ಮುಂದೆ ಗುಂಡಿ ಇದೆ," ಎಂದು ತೆಲುಗಿನಲ್ಲಿ ಹೇಳುತ್ತಾರೆ. ಹಿರಿಯಾಕೆಗೆ ಸಿಟ್ಟು ಬರುತ್ತದೆ. ಪುಣ್ಯಸ್ನಾನಕ್ಕೆ ಅಡ್ಡ ಬರಲು ನೀನು ಯಾರು, ನಿನ್ನ ಮೇಲಿನವರು ಯಾರು, ಹೆಂಗಸರು ಸ್ನಾನ ಮಾಡುವಲ್ಲಿ ನಿನಗೇನು ಕೆಲಸ ಎಂದು ದಬಾಯಿಸುತ್ತಾರೆ. ದೊಡ್ಡಯ್ಯ ಬೇರೆ ಕಡೆಗೆ ಮುಖ ತಿರುಗಿಸಿ ಕೂರುತ್ತಾರೆ. ದೋಣಿ ಮಾತ್ರ ಅಲ್ಲಿಂದ ಸರಿಯುವುದಿಲ್ಲ.

ಹೆಂಗಸರು ಗೊಣಗುತ್ತಾ ಸರಪಳಿಯ ಒಳಗೇ ಮುಳುಗೆದ್ದು, ಮೆಟ್ಟಿಲು ಹತ್ತಿ, ಒದ್ದೆ ಸೀರೆ ಹಿಂಡಿಕೊಂಡು ಹೊರಡುತ್ತಾರೆ. ಹಿರಿಯಾಕೆಯ ಬೈಗುಳ ಮೇಲಿನ ರಸ್ತೆಯವರೆಗೂ ಕೇಳಿಸುತ್ತದೆ.

ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ.

ದೊಡ್ಡಯ್ಯ ಅವರು ಹೋದ ದಾರಿಯನ್ನೇ ನೋಡುತ್ತಾರೆ. "ಬೈಕೋತಾದ್ರೂ ಮೂವರೂ ಮನಿ ಕಡೀಗೆ ಹೊಂಟ್ರಲ್ರೀ."